ಮೂರು ಕಣ್ಣಿನ ಮಾಮಾ

ಯಾರೂ ಬರೆಯದ, ಯಾರೂ ಅಚ್ಚು ಹಾಕದ ಒಂದು ಕಾದಂಬರಿಯನ್ನು ಕುಂದಗೋಳದ ನಮ್ಮ ಓಣಿಯ ಹೆಂಗಸರು ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಪೂರ್ತಿ ಕೇಳಿ ಮುಗಿಸಿದರು. ಅದರಲ್ಲಿ ಬೇರೆ ಗ್ರಹದ ಹುಡುಗಿ ಇದ್ದಳು, ಹಾರುವ ಬಂಡಿ ಇತ್ತು, ಅಷ್ಟಿಷ್ಟು ಪ್ರೀತಿಯೂ ಇತ್ತು. ಅದನ್ನು ಅವರಿಗೆ ಓದಿ ಹೇಳಿದವಳು ನಾನು. ಓದಿದ್ದು ಪಿಯುಸಿ ಎರಡನೆಯ ವರ್ಷದ ಇಂಗ್ಲಿಷ್ ಭೌತಶಾಸ್ತ್ರದ ಪಠ್ಯಪುಸ್ತಕದಿಂದ.

ನನ್ನ ಅಪ್ಪನ ಊರು ತಿರ್ಲಾಪುರ. ಅಲ್ಲಿ ಹತ್ತಿ ಬೆಳೆಯುತ್ತಿತ್ತೇ ಹೊರತು ಕಾಲೇಜು ಇರಲಿಲ್ಲ. ಹಾಗಾಗಿ ಓದಲಿಕ್ಕೆಂದು ನನ್ನನ್ನು ಕುಂದಗೋಳಕ್ಕೆ, ತಾಯಿಯ ತವರಿಗೆ ಕಳಿಸಿದ್ದರು. ಆ ಮನೆಯಲ್ಲಿ ಇದ್ದವರು ಇಬ್ಬರೇ: ನಾವು ಆಯಿ ಎಂದು ಕರೆಯುವ ನನ್ನ ಅಜ್ಜಿ, ಮತ್ತು ಅವಳ ಕಿರಿ ಮಗ, ಅಂದರೆ ನನ್ನ ಸೋದರಮಾವ. ಮಾಮಾ ಸಂತೆ ಬಯಲಿನ ಹತ್ತಿರ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನನ್ನನ್ನು ಅಲ್ಲಿಗೆ ಕಳಿಸಲು ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ, 'ಇದು ನನ್ನ ಸಣ್ಣ ಮಗನ ಹೇಣ್ತಿ' ಎಂದು ನೆರೆದವರ ಮುಂದೆ ಹೇಳಿಬಿಟ್ಟಿದ್ದಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಅನಾದಿ ರೂಢಿ. ಆ ದಿನ ಚಡ್ಡಿ ಹಾಕಿಕೊಂಡ ಹುಡುಗನಾಗಿದ್ದ ಮಾಮಾ ನನ್ನ ಬಾಯಿಗೆ ತನ್ನ ಪೆಪ್ಪರಮೆಂಟು ತುರುಕಲು ಹೋಗಿ ಹೊಡೆಸಿಕೊಂಡನಂತೆ.

ಮಾಮಾನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ನನಗೆ ಸೈಕಲ್ ಕಲಿಸಿದವನು ಅವನು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತುಕೊಂಡು ದವಾಖಾನೆಗೆ ಓಡಿದವನೂ ಅವನೇ. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ತುಂಡಿನೊಳಗೆ ಬಿಸಿಲು ಒಡೆದು ಏಳು ಬಣ್ಣವಾಗಿ ಗೋಡೆಯ ಮೇಲೆ ಬಿದ್ದುದನ್ನು ನೋಡಿದ ದಿನದಿಂದ ನನಗೆ ಧಾರವಾಡಕ್ಕೆ ಹೋಗಿ ಬಿಎಸ್ಸಿ ಓದಬೇಕೆಂಬ ಹುಚ್ಚು ಹತ್ತಿತ್ತು. ಇದನ್ನು ಆಯಿಗೆ ಹೇಳುವುದು ಹೇಗೆ? ಅವಳ ಲೆಕ್ಕದಲ್ಲಿ ಪಿಯುಸಿ ಎಂದರೆ ಮದುವೆಯ ತನಕ ಹುಡುಗಿಯರನ್ನು ಕೂಡಿಸಿಡುವ ಜಾಗ.

ಆ ವರ್ಷ ಮೆಣಸಿನಕಾಯಿ ಪಡಸಾಲೆಯ ತುಂಬ ಬಂದು ಬಿದ್ದಿತ್ತು. ಮಧ್ಯಾಹ್ನ ಊಟವಾದ ಮೇಲೆ ಎದುರುಮನೆಯ ದೊಡ್ಡವ್ವ, ಬಾಜು ಮನೆಗೆ ಹೊಸದಾಗಿ ಬಂದ ಸೊಸೆ, ಆಯಿ ಮೂವರೂ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ನಾನು ಕಂಬಕ್ಕೆ ಒರಗಿ ಪುಸ್ತಕ ಹಿಡಿಯುತ್ತಿದ್ದೆ. ಬಾಯಿ ಮುಚ್ಚಿಕೊಂಡು ಓದುವುದು ಆಯಿಗೆ ಆಗಿಬರುತ್ತಿರಲಿಲ್ಲ. ಹಾಗೆ ಕೂತವರು ಓದುತ್ತಿಲ್ಲ, ಏನೋ ಹುನ್ನಾರ ನಡೆಸಿದ್ದಾರೆ ಎಂದೇ ಅವಳ ಅನುಮಾನ.

"ಗಟ್ಟಿಯಾಗಿ ಓದಬೇ. ನಾವೂ ನಾಕು ಮಾತು ಕೇಳೂಣು."

ನಾನೂ ಹಟಕ್ಕೆ ಬಿದ್ದು ರಾಟೆಯ ಪಾಠವನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದೆ. ಮೂವರೂ ಸೆರಗು ತಲೆಯ ಮೇಲೆ ಎಳೆದುಕೊಂಡು ಭಕ್ತಿಯಿಂದ ಕೇಳಿದರು. ಒಂದು ಪುಟ ಮುಗಿದ ಮೇಲೆ ದೊಡ್ಡವ್ವ ಹೇಳಿದಳು.

"ಓದೂದು ಚೊಲೊ ಆತು. ಇನ್ನ ಅರ್ಥಾ ಹೇಳವಾ."

ಅದು ಅವರ ತಪ್ಪಲ್ಲ. ಮಠದಲ್ಲಿ ಪುರಾಣ ನಡೆಯುವುದೇ ಹಾಗೆ. ಒಬ್ಬರು ಪದ್ಯ ಓದುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ, ಆಗ ಎಲ್ಲರಿಗೂ ಕತೆ ಸಿಗುತ್ತದೆ. ಅಚ್ಚಾದ ದಪ್ಪ ಪುಸ್ತಕ ಎಂದ ಮೇಲೆ ಒಳಗೆ ಕತೆ ಇರಲೇಬೇಕು ಎಂದು ಅವರು ತಿಳಿದಿದ್ದರು. ರಾಟೆಯ ಯಾಂತ್ರಿಕ ಲಾಭದ ಅರ್ಥವನ್ನು ಇವರಿಗೆ ಹೇಗೆ ಹೇಳಲಿ? ಪುಟದಲ್ಲಿ ರಾಟೆ, ಹಗ್ಗ, ತೂಗುಬಿದ್ದ ಭಾರದ ಚಿತ್ರ ಇತ್ತು. ನಾನು ಆ ಚಿತ್ರ ತೋರಿಸಿ, ಇದೊಂದು ಬಾವಿ, ಇದು ನಮ್ಮ ಲೋಕದ್ದಲ್ಲ, ಶನಿಗ್ರಹದ ಆಚೆಗಿನ ಒಂದು ಗ್ರಹದ್ದು, ಅಲ್ಲಿ ಒಬ್ಬ ಹುಡುಗಿ ದಿನಾ ನೀರು ಸೇದಲು ಬರುತ್ತಿದ್ದಳು ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ನೋಡುತ್ತೇನೆ, ನನ್ನ ಭೌತಶಾಸ್ತ್ರವನ್ನು ಮಣೆಯ ಮೇಲಿಟ್ಟು, ರಟ್ಟಿಗೆ ಮೂರು ಬೆರಳು ವಿಭೂತಿ ಎಳೆದು, ಮೂವರೂ ಕಾಯುತ್ತ ಕೂತಿದ್ದಾರೆ.

ಅಲ್ಲಿಂದ ನನಗೆ ಬಿಡುಗಡೆಯೇ ಇಲ್ಲ. ಪುಸ್ತಕದಲ್ಲಿ ಬಂದ ಚಿತ್ರವನ್ನೆಲ್ಲ ಕತೆಯೊಳಗೆ ತರಬೇಕು, ಏಕೆಂದರೆ ಆಯಿ ಚಿತ್ರ ನೋಡದೆ ಪುಟ ತಿರುವಲು ಬಿಡುತ್ತಿರಲಿಲ್ಲ. ಇಳಿಜಾರು ಹಲಗೆಯ ಚಿತ್ರ ಬಂದಾಗ ಅದು ಹಾರುವ ಬಂಡಿ ಏರುವ ದಾರಿಯಾಯಿತು. ಲೋಲಕ ಬಂದಾಗ ಆ ಗ್ರಹದ ತೊಟ್ಟಿಲಾಯಿತು. ಮಸೂರಗಳ ಪಾಠದಲ್ಲಿ ಹುಡುಗಿ ದುರ್ಬೀನು ಹಚ್ಚಿ ಭೂಮಿಯನ್ನು ನೋಡಿದಳು. ಅಲ್ಲಿಯವರು ಅಡುಗೆ ಮಾಡುವುದಿಲ್ಲ, ಒಂದು ಗುಳಿಗೆ ನುಂಗಿದರೆ ಹೊಟ್ಟೆ ತುಂಬುತ್ತದೆ ಎಂದು ನಾನು ಹೇಳಿದ ದಿನ ಪಡಸಾಲೆಯಲ್ಲಿ ಜಗಳವೇ ಆಯಿತು.

"ರೊಟ್ಟಿ ತಿನ್ನದ ಮಂದಿ ಬಾಳೇ ಹೆಂಗ ಮಾಡ್ತಾರ?" ಎಂದು ದೊಡ್ಡವ್ವ ಸಿಟ್ಟಾದಳು.

ಬಾಜು ಮನೆಯ ಸೊಸೆ ಮಾತ್ರ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಹಿಡಿದುಕೊಂಡು ಕೇಳಿದಳು. "ಅಲ್ರಿ, ಖರೇನ ರೊಟ್ಟಿ ಬಡಿಯೂ ಹಂಗಿಲ್ಲೇನ್ರಿ ಅಲ್ಲಿ? ಅಲ್ಲಿಗೆ ಬಸ್ ಎಲ್ಲಿಂದ ಹೋಗ್ತಾವ್ರಿ?"

ಮಾಮಾನೂ ಕೇಳುಗನೇ, ಆದರೆ ಕರೆಂಟ್ ಹೋದಾಗ ಮಾತ್ರ. ಗಿರಣಿ ನಿಂತರೆ ಮನೆಗೆ ಬಂದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ತಲೆ, ಹುಬ್ಬು, ಮೀಸೆ ಎಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿ, ಬೇರೆ ಗ್ರಹದಿಂದ ಬಂದವನು ಇವನೇ ಅನ್ನುವಂತೆ ಕಾಣುತ್ತಿದ್ದ. ಕರೆಂಟ್ ಬಂದ ಕೂಡಲೇ ಕತೆ ಎಲ್ಲಿದ್ದರೂ ಬಿಟ್ಟು ಎದ್ದು ಹೋಗುತ್ತಿದ್ದ. ಅವನಿಗೆ ಕತೆ ತುಂಡುತುಂಡಾಗಿ ಸಿಕ್ಕಿತು. ಪುಸ್ತಕ ಯಾವುದೆಂದು ಅವನಿಗೆ ಗೊತ್ತಿತ್ತು, ಮೆಟ್ರಿಕ್ ತನಕ ಓದಿದವನು. ಆದರೂ ಒಂದು ಮಾತು ಆಡಿರಲಿಲ್ಲ.

ವಿದ್ಯುತ್ತಿನ ಪಾಠಕ್ಕೆ ಬರುವಷ್ಟರಲ್ಲಿ ಹುಡುಗಿ ಭೂಮಿಗೆ ಇಳಿದು, ಕುಂದಗೋಳದ ಸ್ಟೇಶನ್ನಿನ ಆಚೆ ಹತ್ತಿ ಹೊಲದಲ್ಲಿ ಒಬ್ಬ ಹುಡುಗನನ್ನು ಕಂಡಿದ್ದಳು. ಅವನು ಅವಳಿಗೆ ಹಸಿ ಕಡಲೆ ಸುಲಿದು ಕೊಟ್ಟ. ಗುಳಿಗೆ ಬಿಟ್ಟು ಬೇರೇನೂ ತಿನ್ನದವಳು ಅದನ್ನು ತಿಂದು ಅತ್ತಳು. ಇದಿಷ್ಟೇ ನನ್ನ ಪ್ರಣಯ, ಇದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಸೊಸೆ ಮೂಗೊರೆಸಿಕೊಂಡಳು. ಆದರೆ ಆ ಪಡಸಾಲೆಯಲ್ಲಿ ಎಲ್ಲರೂ ಯಾವಾಗಲೂ ಮೂಗು ಕಣ್ಣು ಒರೆಸಿಕೊಳ್ಳುತ್ತಲೇ ಇರುತ್ತಿದ್ದರು, ಮೆಣಸಿನಕಾಯಿ ಘಾಟಿಗೆ. ಅಳುವವರು ಯಾರು, ಖಾರಕ್ಕೆ ಕಣ್ಣೀರಿಡುವವರು ಯಾರು ಎಂದು ಹೇಳಲು ಬರುತ್ತಿರಲಿಲ್ಲ.

ಇಲ್ಲಿ ನನಗೊಂದು ಉಪಾಯ ಹೊಳೆಯಿತು. ಈ ಹುಡುಗಿಗೂ ಒಬ್ಬ ಮಾಮಾನನ್ನು ಇಡೋಣ. ಹುಟ್ಟಿದಾಗಲೇ ಗೊತ್ತು ಮಾಡಿದ ಮದುವೆ, ಹುಡುಗಿಗೆ ಮನಸ್ಸಿಲ್ಲ. ಹೆಂಗಸರು ತಾವೇ 'ಬ್ಯಾಡ ಬಿಡ್ರಿ, ಪಾಪ, ಹುಡುಗಿ ಇಷ್ಟಾ ನೋಡ್ರಿ' ಎನ್ನಲಿ. ಒಂದು ಸಲ ಆಯಿಯ ಬಾಯಿಂದ ಆ ಮಾತು ಬಂದರೆ ನನ್ನ ವಿಷಯವನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರುತ್ತದೆ. ಹಾಗೆಂದು ಹಾರುವ ಬಂಡಿಯ ಕಪ್ತಾನನನ್ನು ಹುಡುಗಿಯ ಸೋದರಮಾವನನ್ನಾಗಿ ಮಾಡಿದೆ.

ಮೂವರ ಮುಖವೂ ಅರಳಿತು.

"ಹಂಗಂದ್ರ ಚಿಂತಿ ಇಲ್ಲ ಬಿಡು," ಎಂದಳು ಆಯಿ. "ಮಾಮಾ ಇದ್ದ ಮ್ಯಾಲ ಆ ಹತ್ತಿ ಹೊಲದ ಹುಡುಗಾ ಯಾಕ? ಅಂವನ ಮನಿತನಾ ಯಾರು ಕಂಡಾರ?"

ನನಗೆ ಸಿಟ್ಟು ಬಂತು. ಕಪ್ತಾನನನ್ನು ಕೆಡಿಸಲು ಶುರು ಮಾಡಿದೆ. ಅವನು ಬಾಯಿ ಬಿಟ್ಟರೆ ಬೈಗುಳ ಎಂದೆ. ದೊಡ್ಡವ್ವ, ಗಂಡಸರ ಬಾಯಿ ಹಂಗ ಇರತೈತಿ, ಮನಸು ನೋಡಬೇಕು ಎಂದಳು. ಅವನ ಎರಡೂ ಕೈ ಕಬ್ಬಿಣದವು ಎಂದೆ. ಆಯಿ ಒಂದು ಗಳಿಗೆ ಯೋಚಿಸಿ, "ಬಾಳಿಕಿ ಬರ್ತಾವ" ಎಂದಳು. ನಾನು ಹಲ್ಲು ಕಚ್ಚಿಕೊಂಡು, ಮಸೂರದ ಪುಟ ತೆಗೆದು ತೋರಿಸಿ, ಅವನಿಗೆ ಹಣೆಯಲ್ಲಿ ಇನ್ನೊಂದು ಕಣ್ಣಿದೆ, ಒಟ್ಟು ಮೂರು ಕಣ್ಣು, ನೋಡಿದವರು ಹೆದರಿ ಓಡುತ್ತಾರೆ ಎಂದುಬಿಟ್ಟೆ.

ಆಯಿ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. ಕೊರಳ ಲಿಂಗ ಮುಟ್ಟಿಕೊಂಡು ಕಣ್ಣು ಮುಚ್ಚಿದಳು. ದೊಡ್ಡವ್ವ ಎರಡೂ ಕೈ ಜೋಡಿಸಿದಳು. ಸೊಸೆಯೂ ಅವರನ್ನು ನೋಡಿ ಕೈ ಮುಗಿದಳು.

"ನಾ ಮೊದಲ ಅಂದಿದ್ನಲ್ಲಾ," ಎಂದಳು ಆಯಿ. "ಅಂವ ಸಾದಾ ಮನಷಾ ಅಲ್ಲ."

ಆ ದಿನದಿಂದ ಕಪ್ತಾನನ ಹೆಸರು ಬಂದರೆ ಸಾಕು, ತೊಟ್ಟು ಬಿಡಿಸುವ ಕೈಗಳು ನಿಲ್ಲುತ್ತಿದ್ದವು. ಶಿವನಂಥ ಮಾಮಾನನ್ನು ಒಲ್ಲೆನೆನ್ನುವ ಹುಡುಗಿಗೆ ಏನು ಬಂದಿದೆ ಧಾಡಿ ಎಂದು ದೊಡ್ಡವ್ವ ನನ್ನನ್ನೇ ಕೇಳುತ್ತಿದ್ದಳು. ನಾನು ಕತೆ ಹೇಳುತ್ತಿದ್ದೇನೋ ನನ್ನ ಗೋರಿ ತೋಡುತ್ತಿದ್ದೇನೋ ನನಗೇ ತಿಳಿಯದಾಯಿತು.

ಕೊನೆಗೆ ನೆನಪಾದದ್ದು ನಮ್ಮ ಕಾಲೇಜಿನ ಸರ್ ಒಂದು ದಿನ ಪಾಠ ಬಿಟ್ಟು ಹೇಳಿದ ಮಾತು. ಬೆಳಕಿನಷ್ಟು ಜೋರಾಗಿ ಓಡುವ ಬಂಡಿಯಲ್ಲಿ ಕೂತವರಿಗೆ ವೇಳೆ ಸಾವಕಾಶ ಸರಿಯುತ್ತದೆ, ಮನೆಯಲ್ಲಿ ಉಳಿದವರು ಮುದುಕರಾಗುವಷ್ಟರಲ್ಲಿ ಅವರು ಹಾಗೇ ಇರುತ್ತಾರೆ ಎಂದಿದ್ದರು. ಇದನ್ನು ಹಿಡಿದುಕೊಂಡು ಕಪ್ತಾನನನ್ನು ದೂರದ ನಕ್ಷತ್ರಕ್ಕೆ ಓಡಿಸಿದೆ. ಅವನು ತಿರುಗಿ ಬಂದಾಗ ಇನ್ನೂ ಮೀಸೆ ಚಿಗುರುವ ಹುಡುಗ. ಅಷ್ಟರಲ್ಲಿ ಹುಡುಗಿ ಅವನಿಗಿಂತ ದೊಡ್ಡವಳಾಗಿದ್ದಳು.

ಈಗ ನಿಜವಾಗಿಯೂ ಬಾಂಬು ಬಿದ್ದಂತಾಯಿತು. ಬೈಗುಳ, ಕಬ್ಬಿಣ, ಹಣೆಗಣ್ಣು ಎಲ್ಲವನ್ನೂ ನುಂಗಿಕೊಂಡವರು ಇದನ್ನು ನುಂಗಲಾರದೆ ಹೋದರು. ವರನಿಗಿಂತ ವಧು ದೊಡ್ಡವಳು! ಆಯಿ ಹಣೆ ಬಡಿದುಕೊಂಡು, ಕೂಡಿಬಂದ ಸಂಬಂಧ ಮುರೀತಲ್ಲೋ ಶಿವನ ಎಂದು ಹಲುಬಿದಳು. ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ. ಆದರೆ ಆಯಿ ಅಷ್ಟಕ್ಕೇ ನಿಲ್ಲುವ ಹೆಂಗಸಲ್ಲ. ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ತಡಾ ಮಾಡಿದ್ದಕ್ಕ ಹಿಂಗಾತು. ನಾವೂ ತಡಾ ಮಾಡಬಾರದು. ನಿನ್ನ ಪರೀಕ್ಷಾ ಮುಗದ ಕೂಡ್ಲೆ ಅಕ್ಕಿಕಾಳು ಹಾಕಿಬಿಡೂಣು. ತಿರ್ಲಾಪುರಕ್ಕ ಹೇಳಿ ಕಳಸ್ತೀನಿ."

ಆಗಲೇ ಸೊಸೆ ಒಂಟಿ ಸೀನು ಸೀನಿದಳು. ನಾನು ಆಸೆಯಿಂದ ಎಲ್ಲರ ಮುಖ ನೋಡಿದೆ. ಶುಭ ಮಾತಿನ ನಡುವೆ ಒಂಟಿ ಸೀನು ಬಿದ್ದರೆ ಆ ಮಾತು ಅಲ್ಲಿಗೇ ನಿಲ್ಲಬೇಕು.

"ಮೆಣಸಿನಕಾಯಿ ಸೀನು ಲೆಕ್ಕಕ್ಕಿಲ್ಲ," ಎಂದಳು ದೊಡ್ಡವ್ವ.

ಮರುದಿನ ಪುರಾಣದ ಮಂಗಲ ಎಂದು ಗೊತ್ತಾಯಿತು. ಎತ್ತಿದ ಪುರಾಣವನ್ನು ಅರ್ಧಕ್ಕೆ ಬಿಡಬಾರದು, ಮದುವೆ ಮಾತಿಗೆ ಮುಂಚೆ ಮುಗಿಸಿಬಿಡಬೇಕು ಎಂದು ಆಯಿಯ ಆಜ್ಞೆ. ಬೆಳಿಗ್ಗೆಯೇ ಗೋದಿ ಬೆಲ್ಲದ ಮಾದ್ಲಿ ಮಾಡಿ ಮುಚ್ಚಿಟ್ಟಿದ್ದಳು. ಭೌತಶಾಸ್ತ್ರಕ್ಕೆ ಚೆಂಡುಹೂವಿನ ಸರ ಹಾಕಿದ್ದಳು. ನಾನು ಪುಸ್ತಕ ಬಿಚ್ಚಿ ಕೂತೆ. ಎಲ್ಲಿಂದ ಶುರು ಮಾಡಲಿ ಎಂದು ಪುಟಗಳನ್ನು ಹಿಂದೆ ಮುಂದೆ ತಿರುವಿದೆ. ಧಾರವಾಡ ಶನಿಗ್ರಹದ ಆಚೆಗೆ ಹೋಗಿಬಿಟ್ಟಿತ್ತು, ನನಗೆ ಜೋರಾಗಿ ಅಳಬೇಕೆನಿಸಿತು.

ಆಗ ಮಾಮಾ ಬಂದ. ಪಡಸಾಲೆಯಲ್ಲಿ ಬಲ್ಬು ಉರಿಯುತ್ತಿತ್ತು. ಕರೆಂಟ್ ಇದ್ದಾಗ ಅವನು ಗಿರಣಿ ಬಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಟ್ಟೆಯ ಮೇಲೆ ಕೂರದೆ ಸೀದಾ ಒಳಗೆ ಬಂದು, ಮೆಣಸಿನಕಾಯಿ ರಾಶಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

"ಅವ್ವಾ, ಒಂದು ಮಾತು ಕೇಳ್ತೀನಿ. ಆ ಹುಡುಗಿ ಮನಸಿನಾಗ ಏನೈತಿ ಅಂತ ಇಷ್ಟು ದಿನಾ ಬಡದಾಡೀರಿ. ಆ ಕಪ್ತಾನನ್ನ ಯಾರರ ಕೇಳೀರೇನು?"

"ಗಂಡಸಿಗೆ ಏನು ಕೇಳೂದೋ?" ಎಂದಳು ಆಯಿ.

ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ. ಅವನಿಗೆ ಕಬ್ಬಿಣದ ಕೈ ಹಚ್ಚಿದ್ದೆ, ಕಣ್ಣು ಕೊಟ್ಟಿದ್ದೆ, ನಕ್ಷತ್ರಕ್ಕೆ ಅಟ್ಟಿದ್ದೆ. ಅವನಿಗೆ ಏನು ಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮಾಮಾ ಕೈ ಚಾಚಿ ನನ್ನ ತೊಡೆಯ ಮೇಲಿನ ಪುಸ್ತಕ ತೆಗೆದುಕೊಂಡ. ಮುಗಿಯಿತು, ಇನ್ನು ಬಣ್ಣ ಬಯಲಾಗುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಅವನು ಪುಟ ತಿರುವುತ್ತ ತಿರುವುತ್ತ ಪುಸ್ತಕದ ಕೊನೆಗೆ ಬಂದು, ಒಂದು ಪುಟದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಗಂಟಲು ಸರಿ ಮಾಡಿಕೊಂಡು, ಓದಿದ.

"ಇಲ್ಲೆ ಬರದೈತಿ. ಕಪ್ತಾನ ತನ್ನ ಅವ್ವಗ ಹೇಳ್ತಾನ. ಅವ್ವಾ, ಈ ಹುಡುಗೀನ್ನ ನಾ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಚುಕ್ಕಿ ತೋರಿಸೇನಿ. ಆಕಿ ಮೂಗು ವರಸೇನಿ. ಹೆಗಲ ಮ್ಯಾಲ ಕುಂತಾಕೀನ್ನ ಬಾಜೂಕ ಕುಂಡ್ರಿಸಿಕೋ ಅಂದ್ರ ನನಗ ಆಗೂದಿಲ್ಲ. ನನಗ ಮೂರು ಕಣ್ಣು ಅದಾವ. ಹೇಣ್ತಿ ಅಂತ ಆಕೀನ್ನ ನೋಡಾಕ ಅದರಾಗ ಒಂದು ಕಣ್ಣೂ ಒಪ್ಪವಲ್ದು."

ಬಾಜು ಮನೆಯ ಸೊಸೆಯೇ ಮೆಲ್ಲಗೆ ಕೇಳಿದಳು. "ಹಂಗಾದ್ರ ಆ ಹತ್ತಿ ಹೊಲದ ಹುಡುಗಂದು ಏನಾತ್ರಿ?"

ಮಾಮಾ ಒಂದು ಪುಟ ತಿರುವಿದ. "ಅಂವ ಕಾಯಲಿ. ಆಕಿ ಮೊದಲ ಸಾಲಿ ಮುಗಸ್ತಾಳಂತ."

ಆಯಿ ಮಗನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಅರ್ಥಾ ಹೇಳಾಕಿ ನೀನು. ಅದರಾಗ ಹಂಗ ಅಚ್ಚಾಗೇತೇನು?"

"ಹೌದು ಆಯಿ, ಹಂಗ ಐತಿ," ಎಂದೆ.

ಆಯಿ ಮತ್ತೆ ತೊಟ್ಟು ಬಿಡಿಸತೊಡಗಿದಳು. ತೊಟ್ಟನ್ನು ಮೆಣಸಿನಕಾಯಿ ಬುಟ್ಟಿಗೆ ಹಾಕಿದಳು, ಮೆಣಸಿನಕಾಯಿಯನ್ನು ತೊಟ್ಟಿನ ರಾಶಿಗೆ ಎಸೆದಳು. ಹೀಗೇ ಎಷ್ಟೋ ಹೊತ್ತು ಹಾಕಿದಳು, ದೊಡ್ಡವ್ವ ಅವನ್ನು ಹೆಕ್ಕಿ ಸರಿ ಜಾಗಕ್ಕೆ ಹಾಕುತ್ತಿದ್ದಳು. ಆಯಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮಾಮಾ ಅವಳ ಕಡೆ ಕೈ ನೀಡಿದಾಗ, "ಏನಿಲ್ಲ, ಖಾರ" ಎಂದು ತಳ್ಳಿದಳು. ಆಮೇಲೆ ಎದ್ದು, ಭೌತಶಾಸ್ತ್ರಕ್ಕೆ ಆರತಿ ಎತ್ತಿ, ಎಲ್ಲರಿಗೂ ಮಾದ್ಲಿ ಬಡಿಸಿದಳು. ತಾನು ತಿನ್ನಲಿಲ್ಲ.

ತಿರ್ಲಾಪುರದಿಂದ ನನ್ನ ತಾಯಿ ಬಂದು ರೇಗಾಡಿದಾಗಲೂ ಆಯಿ, "ಬುಕ್ಕಿನಾಗ ಹಂಗ ಐತೆವಾ, ನಾವೇನು ಮಾಡೂಣು" ಎಂದಳೇ ಹೊರತು ಬೇರೆ ಕಾರಣ ಹೇಳಲಿಲ್ಲ. ಅವಳು ಪುಸ್ತಕವನ್ನು ನಂಬಿದಳೆಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ನನಗೆ ಹಾಗನಿಸುವುದಿಲ್ಲ. ಮಗನ ಬಾಯಿಂದ ಬಂದ ಮಾತನ್ನು ಅವಳು ಅಲ್ಲೇ ಗುರುತು ಹಿಡಿದಿದ್ದಳು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಪುಸ್ತಕದ ಆಸರೆ ಬೇಕಾಗಿತ್ತು ಅಷ್ಟೇ.

ಪರೀಕ್ಷೆಗೆ ಓದಲು ಕೂತಾಗ ಮಾಮಾ ಓದಿದ ಪುಟ ನನಗೆ ಸಿಕ್ಕಿತು. ಅದು ಲಾಗರಿದಮ್ ಕೋಷ್ಟಕ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬರೀ ಅಂಕಿ, ಒಂದು ಅಕ್ಷರವೂ ಇಲ್ಲ. ಅಂಚಿನಲ್ಲಿ ಜೋಳದ ಹಿಟ್ಟಿನ ಹೆಬ್ಬೆರಳು ಒತ್ತಿತ್ತು. ನಾನು ಅದನ್ನು ಒರೆಸಲಿಲ್ಲ. ಅವತ್ತು ಖಾರ ಇರಲಿಲ್ಲ, ಆದರೂ ಅತ್ತೆ.

ಆದರೆ ಆ ಕಾದಂಬರಿ ಆಯಿಯನ್ನು ಬಿಡಲಿಲ್ಲ. ಮುಂದೆ ಮಾಮಾನಿಗೆ ಬಮ್ಮಿಗಟ್ಟಿಯ ಹೆಣ್ಣು ಗೊತ್ತಾದಾಗ, ಬೀಗರು ಕಳಿಸಿದ ಜೀಪು ಹತ್ತಲು ಅವನನ್ನು ಬಿಡಲೇ ಇಲ್ಲ. ಜೋರಾಗಿ ಹೋದರೆ ಮಗ ಸಣ್ಣವನಾಗಿ, ಹೆಣ್ಣಿಗಿಂತ ಕಿರಿಯನಾಗಿ ಇಳಿದುಬಿಟ್ಟಾನೆಂಬ ಭಯ. ನಿಬ್ಬಣದವರೆಲ್ಲ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅಲುಗಾಡುತ್ತ ಹೋದೆವು. ಡ್ರೈವರ್ ಗೇರು ಬದಲಿಸಿದಾಗಲೆಲ್ಲ ಆಯಿ ಅವನ ಬೆನ್ನಿಗೆ ಗುದ್ದುತ್ತಿದ್ದಳು.

ಇದಕ್ಕೂ ಮುಂಚಿನದು, ನಾನು ಧಾರವಾಡಕ್ಕೆ ಹೊರಟ ದಿನ. ಮಾಮಾ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದ. ಅವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆಯಿ ಬಸ್ಸಿನ ಮುಂದೆ ಹೋಗಿ ಡ್ರೈವರನ ಕಿಟಕಿಯ ಕೆಳಗೆ ನಿಂತಳು. ಕೈಯಲ್ಲಿ ಮಾದ್ಲಿಯ ಗಂಟು ಇತ್ತು, ಅದನ್ನು ಅವನಿಗೇ ಕೊಟ್ಟಳು.

"ಯಪ್ಪಾ, ಬಸ್ ಸಾವಕಾಶ ಹೊಡಿಯಪಾ," ಎಂದಳು. "ಜೋರು ಹೊಡದರ ಆಕಿ ಹಂಗ ಇರತಾಳ, ಇಲ್ಲೆ ನಾವು ಮುದುಕ್ರಾಗಿಬಿಡ್ತೀವಿ. ಆಕಿ ತಿರುಗಿ ಬರೂದರಾಗ ನಾ ಇರಬೇಕಲಾ."

ಡ್ರೈವರ್ ಏನೂ ತಿಳಿಯದೆ ನನ್ನ ಕಡೆ ತಿರುಗಿ ನೋಡಿದ. ಅರ್ಥ ಹೇಳುವವಳು ನಾನು, ಆದರೆ ಈ ಸಲ ನನಗೆ ಹೇಳಲಾಗಲಿಲ್ಲ. ಅವನು ಗಂಟನ್ನು ಹಣೆಗೊತ್ತಿಕೊಂಡು, "ಆತಬೇ, ಸಾವಕಾಶ ಹೋಗ್ತೀನಿ" ಎಂದ.